ಹಳ್ಳಿಯಲ್ಲಿ ಜೀವನೋಪಾಯ ತರಬೇತಿ: ಸ್ಥಳೀಯ ಸೇವಾ ಸಂಸ್ಥೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಊರಿನ ಮಹಿಳಾ ಸಂಘವೋ ಸಣ್ಣ ಟ್ರಸ್ಟೋ ಮೂವತ್ತು ಮಂದಿಗೆ ಹೊಲಿಗೆ ಕಲಿಸುತ್ತದೆ, ಸಮಾರೋಪದಲ್ಲಿ ಪ್ರಮಾಣಪತ್ರ ಹಂಚುತ್ತದೆ. ಆರು ತಿಂಗಳ ನಂತರ ವಿಚಾರಿಸಿದರೆ ಹೊಲಿಗೆಯಿಂದ ಸಂಪಾದನೆ ಮಾಡುತ್ತಿರುವವರು ಇಬ್ಬರೋ ಮೂವರೋ ಇರುತ್ತಾರೆ. ಅಣಬೆ, ಜೇನು, ಮೇಣದಬತ್ತಿ, ಮೊಬೈಲ್ ರಿಪೇರಿ ಹೀಗೆ ವಿಷಯ ಬದಲಾದರೂ ಫಲಿತಾಂಶ ಬದಲಾಗುವುದಿಲ್ಲವೆಂದು ಇಂತಹ ಸಂಸ್ಥೆಗಳನ್ನು ನಡೆಸುವ ಓದುಗರು ಮತ್ತೆ ಮತ್ತೆ ಬರೆಯುತ್ತಿದ್ದಾರೆ. ಅವರ ಪತ್ರಗಳಲ್ಲಿ ಕಲಿಸಿದವರ ಕೊರತೆಯಾಗಲಿ ಕಲಿತವರ ಉದಾಸೀನವಾಗಲಿ ಅಷ್ಟಾಗಿ ಕಾಣುವುದಿಲ್ಲ. ಕೆಲಸಗಳನ್ನು ಮಾಡಿದ ಕ್ರಮವೇ ಹಿಂದುಮುಂದಾಗಿರುವುದು ಕಾಣುತ್ತದೆ. ತರಬೇತಿ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಬಿಟ್ಟ ಸಂಗತಿಗಳು, ಅಂದರೆ ಕೊಳ್ಳುವವರು, ಸಲಕರಣೆ, ಸಾಲ ಮತ್ತು ಕಚ್ಚಾ ಸಾಮಗ್ರಿ, ಇವು ತರಬೇತಿಗೆ ಮೊದಲೇ ಸಿದ್ಧವಾಗಿರಬೇಕಿತ್ತು. ಈ ಮಾರ್ಗದರ್ಶಿಯನ್ನು ಆ ಕ್ರಮದಲ್ಲಿಯೇ ಬರೆಯಲಾಗಿದೆ. ಕರ್ನಾಟಕದ ಸಣ್ಣ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದರಿಂದ ಇಲ್ಲಿಯ ನಿಯಮಗಳೂ ಉದಾಹರಣೆಗಳೂ ಈ ರಾಜ್ಯದವು.

ಕೈಯಲ್ಲಿರಬೇಕಾದವು

ದೊಡ್ಡ ಹಾಳೆಗಳು ಮತ್ತು ಬಣ್ಣದ ಪೆನ್ನುಗಳು, ಒಂದು ನಡಾವಳಿ ಪುಸ್ತಕ, ನಗದು ಪುಸ್ತಕ, ಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ, ವೋಚರುಗಳು, ಹಾಜರಿ ವಹಿ ಮತ್ತು ಪ್ರತಿ ಶಿಬಿರಾರ್ಥಿಗೆ ಒಂದು ಪುಟ ಮೀಸಲಿಟ್ಟ ಅನುಸರಣೆ ವಹಿ, ಅಂದರೆ ತರಬೇತಿಯ ನಂತರ ಅವರ ಕೆಲಸ ಹೇಗೆ ಸಾಗುತ್ತಿದೆಯೆಂದು ಬರೆದಿಡುವ ಪುಸ್ತಕ. ಕೊನೆಯದನ್ನು ಬಹುತೇಕ ಸಂಸ್ಥೆಗಳು ಇಟ್ಟಿರುವುದೇ ಇಲ್ಲ. ಇವುಗಳ ಜೊತೆಗೆ, ದಿನದ ಒಂದೆರಡು ಗಂಟೆಯನ್ನು ಕನಿಷ್ಠ ಒಂದು ವರ್ಷ ಇದಕ್ಕಾಗಿ ಕೊಡಬಲ್ಲ, ಆ ಊರಿನವರೇ ಆದ ಒಬ್ಬ ವ್ಯಕ್ತಿ ಬೇಕು. ಅಂಥವರು ಸಿಗದಿದ್ದರೆ ಮುಂದಿನ ಹಂತಗಳಿಗೆ ಹೋಗಬೇಡಿ.

ಹಂತ 1: ಸಂಸ್ಥೆಯ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳುವುದು

ಹಣ ಕೇಳುವ ಮುನ್ನ ನಿಮ್ಮ ಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ಜೀವಂತವಾಗಿದೆಯೇ ಎಂದು ಪರಿಶೀಲಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಸಂಘ ಕಟ್ಟಲು ಕನಿಷ್ಠ 7 ಸದಸ್ಯರು ಸಾಕು; ಆದರೆ ಕಟ್ಟಿದ ಮೇಲೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಲೆಕ್ಕಪತ್ರವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕಾಗುತ್ತದೆ. ನೋಂದಣಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ವಾರ್ಷಿಕ ಸಲ್ಲಿಕೆಯನ್ನು ಮರೆತ ಸಂಘಗಳು ಬೇಕಾದಷ್ಟಿವೆ, ಮತ್ತು ದಾನಿಗಳು ಮೊದಲು ಕೇಳುವುದೇ ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಯನ್ನು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು, ಅಂದರೆ ಸಿಎಸ್‌ಆರ್ ಹಣವನ್ನು, ಸ್ವತಂತ್ರ ಸಂಸ್ಥೆಯಾಗಿ ಪಡೆಯಬೇಕಾದರೆ ಮೂರು ವರ್ಷಗಳ ಕೆಲಸದ ದಾಖಲೆ, ಸಂಸ್ಥೆಯ ಆದಾಯಕ್ಕೂ ದಾನಿಗಳ ದೇಣಿಗೆಗೂ ತೆರಿಗೆ ವಿನಾಯಿತಿ ಕೊಡಿಸುವ, ಎಲ್ಲರೂ 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು, ಹಾಗೂ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ಅರ್ಜಿಯ ನಕಲು ಮಾಡದೆ ಲೆಕ್ಕಪರಿಶೋಧಕರನ್ನು ಕೇಳಿಯೇ ಬರೆಯಿರಿ. ಹೊಸ ಸಂಸ್ಥೆಗಳು ಮೊದಲ ಮೂರು ವರ್ಷ ಸಿಎಸ್‌ಆರ್ ಹಣದ ಹಿಂದೆ ಹೋಗದೆ ಊರಿನ ದೇಣಿಗೆಯಿಂದಲೇ ಸಣ್ಣದಾಗಿ ನಡೆಸುವುದು ಲೇಸು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವಿದೇಶದಲ್ಲಿರುವ ಊರಿನ ಮಕ್ಕಳು ಹಣ ಕಳಿಸುತ್ತೇವೆಂದಾಗ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯೆನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದ್ದರೂ ಅವರು ಕೊಡುವುದು ವಿದೇಶಿ ದೇಣಿಗೆಯೇ ಆಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎಯ, ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವುದು ಅಪರಾಧ. ನೋಂದಣಿಯುಳ್ಳ ಇನ್ನೊಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ನಿಮಗೆ ವರ್ಗಾಯಿಸುವುದನ್ನೂ ಆ ಕಾಯ್ದೆಯ 2020ರ ತಿದ್ದುಪಡಿ ನಿಷೇಧಿಸಿದೆ.

ಹಂತ 2: ಊರನ್ನು ಕೇಳಿ ತಿಳಿಯುವುದು

ಬಹುತೇಕ ಶಿಬಿರಗಳ ವಿಷಯ ನಿರ್ಧಾರವಾಗುವುದು ಸಮಿತಿಯ ಸಭೆಯಲ್ಲಿ. ಅಲ್ಲಿರುವವರಿಗೆ ಗೊತ್ತಿರುವ ಒಬ್ಬ ತರಬೇತುದಾರರು ಏನು ಕಲಿಸಬಲ್ಲರೋ ಅದೇ ಊರಿನ ಅಗತ್ಯವಾಗಿಬಿಡುತ್ತದೆ. ಇದನ್ನು ತಪ್ಪಿಸಲು ಕನಿಷ್ಠ ಎರಡು ವಾರ ಮೀಸಲಿಡಿ, ಮತ್ತು ಕೆಳಗಿನ ಕ್ರಮದಲ್ಲಿ ಮುಂದುವರಿಯಿರಿ.

1. ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರನ್ನು ಭೇಟಿಯಾಗಿ. ಎಂಬಿಕೆ ಎಂದು ಕರೆಯಲಾಗುವ ಇವರ ಬಳಿ, ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ರಾಜ್ಯದ ರೂಪವಾದ ಸಂಜೀವಿನಿಯ ಸ್ವಸಹಾಯ ಸಂಘಗಳ ವಿವರವೆಲ್ಲ ಇರುತ್ತದೆ. ಹಿಂದೆ ಯಾವ ಯಾವ ತರಬೇತಿಗಳು ನಡೆದವು, ಯಾರು ಕಲಿತರು, ಯಾರು ಬಿಟ್ಟರು ಎಂಬುದನ್ನು ಮೊದಲು ಇವರಿಂದ ತಿಳಿದುಕೊಳ್ಳಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಪರಿಸ್ಥಿತಿಯೂ ತಿಳಿದಿರುತ್ತದೆ.

2. ಕೇರಿ ಕೇರಿಗೆ ಪ್ರತ್ಯೇಕವಾಗಿ ಹೋಗಿ. ದೇವಸ್ಥಾನದ ಜಗಲಿಯಲ್ಲಿ ಕರೆದ ಒಂದೇ ಸಭೆಗೆ ಪರಿಶಿಷ್ಟ ಜಾತಿಯ ಕೇರಿಯವರೂ ತಾಂಡಾದವರೂ ಬರದಿರಬಹುದು, ಬಂದರೂ ಮಾತನಾಡದಿರಬಹುದು. ಹೆಣ್ಣುಮಕ್ಕಳ ಸಭೆಯನ್ನು ಅವರಿಗೆ ಬಿಡುವಿರುವ ಹೊತ್ತಿನಲ್ಲಿ, ಗಂಡಸರಿಲ್ಲದೆಡೆ ನಡೆಸಿ.

3. ನೆಲದ ಮೇಲೆಯೋ ದೊಡ್ಡ ಹಾಳೆಯ ಮೇಲೆಯೋ ಹನ್ನೆರಡು ತಿಂಗಳ ಪಟ್ಟಿ ಬರೆಸಿ, ಯಾವ ತಿಂಗಳು ಕೂಲಿ ಸಿಗುತ್ತದೆ, ಯಾವಾಗ ಕೈ ಖಾಲಿ, ಯಾವಾಗ ಗುಳೆ ಹೋಗುತ್ತಾರೆ, ಯಾವಾಗ ಸಾಲ ಮಾಡುತ್ತಾರೆ ಎಂದು ಕಾಳುಗಳನ್ನಿಟ್ಟು ತೋರಿಸಲು ಅವರಿಗೇ ಹೇಳಿ. ಬರೆಯಲು ಬಾರದವರೂ ಇದರಲ್ಲಿ ಸಮನಾಗಿ ಪಾಲ್ಗೊಳ್ಳುತ್ತಾರೆ, ಮತ್ತು ಅರ್ಧ ದಿನದಲ್ಲಿ ಸಿಗುವ ಈ ಚಿತ್ರ ಯಾವ ಮುದ್ರಿತ ಪ್ರಶ್ನಾವಳಿಗಿಂತಲೂ ಹೆಚ್ಚು ಹೇಳುತ್ತದೆ.

“ನಿಮಗೆ ಯಾವ ತರಬೇತಿ ಬೇಕು?” ಎಂಬ ಪ್ರಶ್ನೆಯನ್ನು ಕೇಳಲೇಬೇಡಿ. ತಮಗೆ ತಿಳಿದಿರುವ ಒಂದೆರಡು ಹೆಸರುಗಳನ್ನಷ್ಟೇ ಜನ ಹೇಳುತ್ತಾರೆ, ಇಲ್ಲವೇ ಕೇಳಿದವರಿಗೆ ಇಷ್ಟವಾದೀತೆಂಬ ಉತ್ತರ ಕೊಡುತ್ತಾರೆ. ಹಣ ಕೊಟ್ಟು ಹೊರಗಿನಿಂದ ತರುವ ವಸ್ತುಗಳು ಯಾವುವು, ಯಾವ ಕೆಲಸಕ್ಕೆ ಪಟ್ಟಣದಿಂದ ಜನ ಬರಬೇಕಾಗುತ್ತದೆ, ಊರಿನಲ್ಲಿ ಬೆಳೆದದ್ದರಲ್ಲಿ ಯಾವುದು ಕೊಳೆತು ಹಾಳಾಗುತ್ತದೆ ಎಂದು ಕೇಳಿದರೆ ಉತ್ತರಗಳು ತಾವಾಗಿಯೇ ಕೆಲಸಕ್ಕೆ ಬರುವಂಥವಾಗುತ್ತವೆ.

ಹಂತ 3: ಕೊಳ್ಳುವವರನ್ನು ಎಣಿಸುವುದು

ಈ ಹಂತವನ್ನು ಬಿಟ್ಟವರೇ ಹೆಚ್ಚು. ಹೊಲಿಗೆಯನ್ನೇ ತೆಗೆದುಕೊಳ್ಳಿ. ಊರಿನಲ್ಲಿಯೂ ಸುತ್ತಲಿನ ಮೂರು ನಾಲ್ಕು ಹಳ್ಳಿಗಳಲ್ಲಿಯೂ ಈಗ ಹೊಲಿಯುತ್ತಿರುವವರೆಷ್ಟು, ಅವರಿಗೆ ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಸಿಗುತ್ತದೆ, ರವಿಕೆಗೆ ಎಷ್ಟು ಕೂಲಿ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಇರುವ ನಾಲ್ವರಿಗೇ ಕೆಲಸ ಸಾಲದಿರುವಾಗ ಇನ್ನೂ ಮೂವತ್ತು ಮಂದಿಯನ್ನು ಸೇರಿಸಿದರೆ ಕೂಲಿ ಇಳಿಯುತ್ತದೆ, ಹಳಬರ ಹೊಟ್ಟೆಯ ಮೇಲೂ ಹೊಡೆತ ಬೀಳುತ್ತದೆ. ಹಾಗೆಂದು ಹೊಲಿಗೆಯನ್ನು ಕೈಬಿಡಬೇಕೆಂದೇನೂ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಬಂದಾಗ ಅದನ್ನು ಹೊಲಿಯುವವರಾರು, ಹತ್ತಿರದ ಸಿದ್ಧ ಉಡುಪಿನ ಘಟಕ ಹೊರಗೆ ಕೆಲಸ ಕೊಡುತ್ತದೆಯೇ ಎಂದು ವಿಚಾರಿಸಿ, ಹತ್ತು ಮಂದಿಗೆ ಸಾಕಾಗುವಷ್ಟು ಬೇಡಿಕೆ ಕಂಡರೆ ಹತ್ತು ಮಂದಿಗೇ ಕಲಿಸಿ.

ಬೇಗ ಕೆಡುವ ವಸ್ತುಗಳಲ್ಲಿ ಈ ಎಣಿಕೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಚಿಪ್ಪಣಬೆಯನ್ನು ಹುಲ್ಲು ಮತ್ತು ಬೀಜದಿಂದ ಕಡಿಮೆ ಖರ್ಚಿನಲ್ಲಿ ಬೆಳೆಯಬಹುದು, ಬಿತ್ತಿದ ನಾಲ್ಕೈದು ವಾರಗಳಲ್ಲಿ ಕೊಯ್ಲೂ ಸಿಗುತ್ತದೆ. ಆದರೆ ಅದಕ್ಕೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ತುಂಬಿದ ತೇವಾಂಶವೂ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಸಾಮಾನ್ಯ ಕೊಠಡಿಯಲ್ಲಿ ವರ್ಷವಿಡೀ ಬೆಳೆಯಲಾಗದು. ಕೊಯ್ದ ಅಣಬೆ ಶೀತಲ ವ್ಯವಸ್ಥೆಯಿಲ್ಲದೆ ಒಂದೆರಡು ದಿನವಷ್ಟೇ ತಾಜಾ ಉಳಿಯುತ್ತದೆ. ಆದ್ದರಿಂದ ಬೆಳೆಯಲು ಕಲಿಸುವ ಮುನ್ನ ಪಟ್ಟಣದ ಎಷ್ಟು ಹೋಟೆಲು, ತರಕಾರಿ ಅಂಗಡಿ, ವಸತಿನಿಲಯಗಳು ವಾರಕ್ಕೆ ಎಷ್ಟು ಕಿಲೋ ಕೊಳ್ಳುತ್ತವೆ, ಬೆಳಗಿನ ಯಾವ ಬಸ್ಸಿನಲ್ಲಿ ಅದನ್ನು ಕಳಿಸಬಹುದು, ಉಳಿದದ್ದನ್ನು ಒಣಗಿಸಿದರೆ ಯಾರು ಕೊಳ್ಳುತ್ತಾರೆ ಎಂಬುದಕ್ಕೆ ಲಿಖಿತ ಉತ್ತರ ನಿಮ್ಮ ಬಳಿ ಇರಬೇಕು. ಕೊಳ್ಳುವವರ ಹೆಸರೂ ಪ್ರಮಾಣವೂ ಇಲ್ಲದ, “ಒಳ್ಳೆಯ ಬೇಡಿಕೆಯಿದೆ” ಎಂಬ ಒಂದು ವಾಕ್ಯವಷ್ಟೇ ಇರುವ ಯೋಜನಾ ವರದಿಯನ್ನು ಸಮಿತಿ ಅಂಗೀಕರಿಸಬಾರದು.

ಹಂತ 4: ಈಗಾಗಲೇ ಕಲಿಸುತ್ತಿರುವವರ ಬಳಿಗೆ ಹೋಗುವುದು

ಎಲ್ಲವನ್ನೂ ನೀವೇ ಕಲಿಸಬೇಕಿಲ್ಲ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಆರ್‌ಸೆಟಿ ಕೇಂದ್ರಗಳು ಗ್ರಾಮೀಣ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುತ್ತವೆ, ಆನಂತರ ಎರಡು ವರ್ಷ ಅನುಸರಣೆಯನ್ನೂ ಮಾಡುತ್ತವೆ. ಕೃಷಿ ವಿಜ್ಞಾನ ಕೇಂದ್ರಗಳು ಜೇನು, ಅಣಬೆ, ಕೋಳಿ ಸಾಕಣೆ, ಮೌಲ್ಯವರ್ಧನೆ ಮುಂತಾದವನ್ನು ಕಲಿಸುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ತರಬೇತಿಯೂ ದೊರೆಯುತ್ತವೆ.

ಇಂತಹ ಕೇಂದ್ರಗಳಿಗೆ ಕೊರತೆಯಿರುವುದು ಸರಿಯಾದ ಅಭ್ಯರ್ಥಿಗಳದ್ದು. ಹಳ್ಳಿಯ ಹೆಣ್ಣುಮಕ್ಕಳಿಗಾದರೋ ಜಿಲ್ಲಾ ಕೇಂದ್ರದಲ್ಲಿ ವಾರಗಟ್ಟಲೆ ಉಳಿಯಲು ಮನೆಯವರ ಒಪ್ಪಿಗೆ ಸಿಗುವುದಿಲ್ಲ. ಈ ಎರಡರ ನಡುವೆ ನಿಲ್ಲುವುದೇ ಸ್ಥಳೀಯ ಸಂಸ್ಥೆ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಕೆಲಸವೆಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯವರನ್ನು ಒಮ್ಮೆ ಕೇಂದ್ರಕ್ಕೆ ಕರೆದೊಯ್ದು ವಸತಿ ತೋರಿಸಿ, ಒಂದೇ ಊರಿನ ಇಬ್ಬರು ಮೂವರನ್ನು ಜೊತೆಯಾಗಿ ಕಳಿಸಿ. ಹಾಗೂ ಸಾಧ್ಯವಾಗದಿದ್ದರೆ, ನಿಮ್ಮ ಊರಿನಲ್ಲಿಯೇ ಒಂದು ತಂಡಕ್ಕೆ ತರಬೇತಿ ನಡೆಸಿಕೊಡಲು ಸಾಧ್ಯವೇ ಎಂದು ಕೇಂದ್ರದ ನಿರ್ದೇಶಕರಿಗೆ ಪತ್ರ ಬರೆಯಿರಿ.

ಹಂತ 5: ತರಬೇತಿಯ ನಂತರದ್ದನ್ನು ಮೊದಲೇ ಕಟ್ಟುವುದು

ಈ ಹಂತ ಮುಗಿಯುವವರೆಗೆ ಉದ್ಘಾಟನೆಯ ದಿನಾಂಕ ಗೊತ್ತುಮಾಡಬೇಡಿ. ಮೂರು ಸಂಗತಿಗಳು ಕಾಗದದ ಮೇಲೆ ಇರಬೇಕು.

ಮೊದಲನೆಯದು ಸಲಕರಣೆ. ಕಲಿತವರ ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಕೈ ಪಳಗಿದ್ದು ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಎಲ್ಲರಿಗೂ ಯಂತ್ರ ಹಂಚುವ ಬದಲು ಒಕ್ಕೂಟದ ಕಟ್ಟಡದಲ್ಲಿಯೋ ಸಮುದಾಯ ಭವನದಲ್ಲಿಯೋ ನಾಲ್ಕೈದು ಯಂತ್ರಗಳನ್ನಿಟ್ಟು, ಗಂಟೆಯ ಲೆಕ್ಕದಲ್ಲಿ ಬಳಸಲು ಬಿಟ್ಟು, ದುರಸ್ತಿಗೆ ಸಣ್ಣ ಶುಲ್ಕ ತೆಗೆದುಕೊಳ್ಳುವ ವ್ಯವಸ್ಥೆ ಹೆಚ್ಚು ಕಾಲ ಬಾಳುತ್ತದೆ. ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಠರಾವಿನಲ್ಲಿ ಬರೆಯಿರಿ. ಯಂತ್ರಗಳು ಪ್ರಭಾವಿಗಳ ಮನೆ ಸೇರುವುದು ಇಲ್ಲಿಂದಲೇ.

ಎರಡನೆಯದು ಸಾಲ. ಶಿಬಿರಕ್ಕೆ ಮುನ್ನವೇ ಬ್ಯಾಂಕಿನ ವ್ಯವಸ್ಥಾಪಕರನ್ನು ಕಂಡು, ಯಾವ ದಾಖಲೆಗಳು ಬೇಕೆಂದು ಬರೆಸಿಕೊಳ್ಳಿ. ಮಹಿಳೆಯರಿಗೆ ಸ್ವಸಹಾಯ ಸಂಘದ ದಾರಿಯೇ ಸುಲಭವಾದದ್ದು, ಏಕೆಂದರೆ ಜೀವನೋಪಾಯ ಅಭಿಯಾನದ ಅಡಿಯ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ. ಆದರೆ ಸಂಘ ಪಂಚಸೂತ್ರ ಪಾಲಿಸುತ್ತಿರಬೇಕು: ಕ್ರಮ ತಪ್ಪದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ ಮತ್ತು ಲೆಕ್ಕ ಬರವಣಿಗೆ. ಪುಸ್ತಕಗಳು ಹಿಂದುಳಿದಿದ್ದರೆ ತರಬೇತಿಗಿಂತ ಮೊದಲು ಅವನ್ನು ಸರಿಪಡಿಸಲು ನೆರವಾಗಿ. ಕಿರುಸಾಲ ಕಂಪನಿಗಳಲ್ಲಿ ಈಗಾಗಲೇ ಎರಡು ಮೂರು ಸಾಲ ಮಾಡಿಕೊಂಡಿರುವವರನ್ನು ಇನ್ನೊಂದು ಸಾಲದ ಕಡೆಗೆ ತಳ್ಳಬೇಡಿ. ಅವರಿಗೆ ಕಲಿಕೆಯೊಂದಿಗೆ ಬಂಡವಾಳವಿಲ್ಲದ ಕೂಲಿ ಕೆಲಸವನ್ನು ಹೊಂದಿಸಿಕೊಡಿ.

ಮೂರನೆಯದು ಪರವಾನಗಿ. ಉಪ್ಪಿನಕಾಯಿ, ರೊಟ್ಟಿ, ಹಪ್ಪಳ ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಯನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಮಾಡಬಹುದು. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಹಂತ 6: ಶಿಬಿರಾರ್ಥಿಗಳ ಆಯ್ಕೆ

ಮೂವತ್ತು ಮಂದಿ ಬೇಕೆಂದು ದಾನಿಗಳಿಗೆ ಮಾತು ಕೊಟ್ಟು, ಕೊನೆಯ ವಾರದಲ್ಲಿ ಸಿಕ್ಕಸಿಕ್ಕವರ ಹೆಸರು ಬರೆಯುವುದು ಸಾಮಾನ್ಯವಾದ ತಪ್ಪು. ಭತ್ಯೆಗಾಗಿ ಬರುವವರು ಭತ್ಯೆ ಮುಗಿದ ದಿನವೇ ಹೋಗುತ್ತಾರೆ. ಆದ್ದರಿಂದ ಪ್ರಯಾಣದ ಖರ್ಚು ಮತ್ತು ಊಟ ಕೊಡಿ, ಆದರೆ ಅದನ್ನು ಆಕರ್ಷಣೆಯಾಗಿ ಪ್ರಚಾರ ಮಾಡಬೇಡಿ. ಆಯ್ಕೆಗೆ ಮುನ್ನ ಒಂದು ದಿನದ ಪರಿಚಯ ಕಾರ್ಯಕ್ರಮ ನಡೆಸಿ, ಕೆಲಸದ ಕಷ್ಟಗಳನ್ನೂ ಮೊದಲ ಆರು ತಿಂಗಳ ಕಡಿಮೆ ಆದಾಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಆ ಮೇಲೂ ಹೆಸರು ಕೊಡುವವರ ಮನೆಗೆ ಹೋಗಿ ಮಾತನಾಡಿ. ಅತ್ತೆಯೋ ಗಂಡನೋ ಒಪ್ಪದೆ ಬಂದವರು ಮಧ್ಯದಲ್ಲಿಯೇ ನಿಲ್ಲಬೇಕಾಗಿ ಬರುವುದು ಅವರ ತಪ್ಪಲ್ಲ. ಮೊದಲೇ ಮನೆಯವರೊಂದಿಗೆ ಮಾತನಾಡಬೇಕಾದದ್ದು ನಮ್ಮ ಹೊಣೆ.

ಆಧಾರ್ ಪ್ರತಿ ಬೇಕೇ ಬೇಕಿದ್ದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮುಸುಕಿದ ಪ್ರತಿಯನ್ನು ಪಡೆಯಿರಿ. ಫಲಾನುಭವಿಗಳ ದಾಖಲೆಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕುವ ಅಭ್ಯಾಸವನ್ನು ಇಂದೇ ನಿಲ್ಲಿಸಿ.

ಹಂತ 7: ದಿನ, ಹೊತ್ತು ಮತ್ತು ಜಾಗ

ಎರಡನೆಯ ಹಂತದಲ್ಲಿ ಬರೆಸಿದ ಹನ್ನೆರಡು ತಿಂಗಳ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೂನ್ ಜುಲೈಯ ಮುಂಗಾರು ಬಿತ್ತನೆ, ಮಲೆನಾಡಿನಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಫಿ ಕೊಯ್ಲು, ಕಲಬುರಗಿ ಭಾಗದಲ್ಲಿ ಡಿಸೆಂಬರ್ ಜನವರಿಯ ತೊಗರಿ ರಾಶಿ, ಇಂತಹ ದಿನಗಳಲ್ಲಿ ಕೂಲಿ ಬಿಟ್ಟು ಬರುವಂತೆ ಕೇಳುವುದು ನ್ಯಾಯವಲ್ಲ. ದಾನಿಗಳ ಆರ್ಥಿಕ ವರ್ಷ ಮಾರ್ಚಿಗೆ ಮುಗಿಯುತ್ತದೆಂಬ ಕಾರಣಕ್ಕೆ ಫೆಬ್ರವರಿಯಲ್ಲಿ ಅವಸರದ ಶಿಬಿರ ನಡೆಸುವುದಕ್ಕಿಂತ, ದಿನಾಂಕದ ಬಗ್ಗೆ ಒಪ್ಪಂದ ಮಾಡಿಕೊಳ್ಳುವಾಗಲೇ ಗಟ್ಟಿಯಾಗಿ ಮಾತನಾಡಿ.

ಹೆಣ್ಣುಮಕ್ಕಳಿಗೆ ಬೆಳಗಿನ ಮನೆಗೆಲಸ ಮುಗಿದ ಮೇಲೆ, ಶಾಲೆಯ ಮಕ್ಕಳು ಮನೆಗೆ ಬರುವುದಕ್ಕೆ ಮೊದಲು ಸಿಗುವ ಮೂರು ನಾಲ್ಕು ಗಂಟೆಗಳೇ ಸರಿಯಾದವು. ಇಡೀ ದಿನದ ಹತ್ತು ದಿನಗಳಿಗಿಂತ ಅರ್ಧ ದಿನದ ಇಪ್ಪತ್ತು ದಿನಗಳು ಉತ್ತಮ. ಜಾಗ ಎಲ್ಲ ಕೇರಿಯವರೂ ಅಳುಕಿಲ್ಲದೆ ಬರುವಂಥದ್ದಾಗಿರಬೇಕು, ಬಳಸಲು ಯೋಗ್ಯವಾದ ಶೌಚಾಲಯ ಮತ್ತು ನೀರು ಇರಬೇಕು, ಕೈಗೂಸುಗಳನ್ನು ನೋಡಿಕೊಳ್ಳಲು ಒಬ್ಬರು ಇರಬೇಕು.

ಸುರಕ್ಷತೆಯ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿ ರಚಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಯಾರಿಗೆ ದೂರು ಕೊಡಬೇಕು ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿ, ಗೋಡೆಗೂ ಅಂಟಿಸಿ.

ಹಂತ 8: ಕಲಿಸುವ ಬಗೆ

ಭಾಷಣ ಕಡಿಮೆಯಾಗಲಿ, ಕೈಗೆ ಕೆಲಸ ಹೆಚ್ಚಾಗಲಿ. ಒಂದು ಯಂತ್ರಕ್ಕೆ ಮೂವರಿಗಿಂತ ಹೆಚ್ಚು ಮಂದಿಯಾದರೆ ಹಿಂದಿನ ಸಾಲಿನವರು ಬರೀ ನೋಡಿಕೊಂಡೇ ಮನೆಗೆ ಹೋಗುತ್ತಾರೆ. ಮೂರನೆಯ ದಿನದಿಂದಲೇ ಮಾರಬಹುದಾದ ವಸ್ತುವನ್ನು ಮಾಡಿಸಿ, ಎರಡನೆಯ ವಾರದಲ್ಲಿ ಅದನ್ನು ಸಂತೆಯಲ್ಲಿ ಅವರ ಕೈಯಿಂದಲೇ ಮಾರಿಸಿ. ಬೆಲೆ ಕಟ್ಟುವ ಲೆಕ್ಕ, ಅಂದರೆ ಸಾಮಗ್ರಿ, ವಿದ್ಯುತ್ತು, ಪ್ರಯಾಣ ಮತ್ತು ತನ್ನ ಕೂಲಿ ಸೇರಿಸಿ ಅಸಲು ಎಷ್ಟಾಯಿತೆಂಬುದು, ಪ್ರತಿ ದಿನದ ಕೊನೆಯ ಅರ್ಧ ಗಂಟೆಯ ಪಾಠವಾಗಲಿ. ತನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ನಷ್ಟಕ್ಕೆ ಮಾರುವುದೇ ಮನೆಯುದ್ಯಮಗಳು ಮುಚ್ಚಿಹೋಗಲು ದೊಡ್ಡ ಕಾರಣ.

ಹಂತ 9: ಹಣದ ಲೆಕ್ಕ

ಆಯವ್ಯಯದಲ್ಲಿ ಅನುಸರಣೆಯ ಒಂದು ವರ್ಷದ ಖರ್ಚನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ, ಕೊನೆಯಲ್ಲಿ ಬರೆದದ್ದನ್ನು ದಾನಿಗಳು ಮೊದಲು ಹೊಡೆದುಹಾಕುತ್ತಾರೆ. ವೇದಿಕೆ, ಶಾಲು, ಹಾರ, ಬ್ಯಾನರುಗಳಿಗೆ ಯೋಜನೆಯ ಹಣ ಮುಟ್ಟಬೇಡಿ. ಪಾವತಿಗಳನ್ನು ಬ್ಯಾಂಕಿನ ಮೂಲಕವೇ ಮಾಡಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ದೇಣಿಗೆ ಕೊಟ್ಟವರಿಗೆ 80ಜಿ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ರಸೀದಿ ಬರೆಯುವಾಗಲೇ ಹೇಳಿ. ಪ್ರತಿ ಶನಿವಾರ ನಗದು ಪುಸ್ತಕವನ್ನು ಇಬ್ಬರು ಸೇರಿ ತಾಳೆ ನೋಡಿ ಸಹಿ ಹಾಕಬೇಕು, ಮತ್ತು ಒಟ್ಟು ಜಮಾ ಖರ್ಚನ್ನು ಊರಿಗೆ ಕಾಣುವಂತೆ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು.

ಎಚ್ಚರಿಕೆಯ ಸೂಚನೆಗಳು

ಶಿಬಿರ ನಡೆಯುವಾಗಲೇ ಇವು ಕಂಡರೆ ಅಲ್ಲಿಯೇ ನಿಂತು ವಿಚಾರಿಸಿ. ಹಾಜರಿ ವಹಿಯಲ್ಲಿ ಎಲ್ಲ ಸಹಿಗಳೂ ಒಂದೇ ಕೈಬರಹದಂತೆ ಕಂಡರೆ, ಒಂದೇ ಮನೆತನದ ಮೂವರು ನಾಲ್ವರು ಪಟ್ಟಿಯಲ್ಲಿದ್ದರೆ, ಒಂದು ಕೇರಿಯವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರೆ, ತರಬೇತುದಾರರು ಕಚ್ಚಾ ಸಾಮಗ್ರಿಯನ್ನು ತಮ್ಮಿಂದಲೇ ಕೊಳ್ಳಬೇಕೆಂದು ಹೇಳತೊಡಗಿದರೆ ಎಚ್ಚರವಾಗಿ. “ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ, ಮೊದಲು ಠೇವಣಿ ಕಟ್ಟಿ” ಎನ್ನುವ ಕಂಪನಿಗಳಿಗೆ ಊರಿನೊಳಗೆ ಪ್ರವೇಶ ಕೊಡಬೇಡಿ. ನಿಮ್ಮ ಸಂಸ್ಥೆಯ ಮೇಲಿನ ನಂಬಿಕೆಯಿಂದ ಬಡವರು ಹಣ ಕಟ್ಟುತ್ತಾರೆ, ಕಳೆದುಕೊಂಡರೆ ಅದನ್ನು ತುಂಬಿಕೊಡಲು ನಿಮ್ಮಿಂದಾಗದು.

ಹಂತ 10: ಅನುಸರಣೆ

ಸಮಾರೋಪದ ದಿನವೇ ಮೊದಲ ಅನುಸರಣೆ ಸಭೆಯ ದಿನಾಂಕವನ್ನು ಘೋಷಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆರನೆಯ ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮನೆಗೆ ಹೋಗಿ. ಪ್ರತಿ ಭೇಟಿಯಲ್ಲಿ ಮೂರೇ ಸಂಗತಿಗಳನ್ನು ಬರೆದುಕೊಳ್ಳಿ: ಕಳೆದ ಭೇಟಿಯ ನಂತರ ಎಷ್ಟು ಮಾಡಿದರು, ಎಷ್ಟಕ್ಕೆ ಮಾರಿದರು, ಯಾವುದು ಅಡ್ಡಿಯಾಯಿತು. ಕೆಲಸ ನಿಂತಿದ್ದರೆ ಬೈಯಬೇಡಿ, ಬುದ್ಧಿ ಹೇಳಬೇಡಿ. ಬೀಜ ಸಿಗಲಿಲ್ಲವೇ, ಯಂತ್ರ ಕೆಟ್ಟಿತೇ, ಮನೆಯಲ್ಲಿ ಕಾಯಿಲೆಯೇ, ಕೊಂಡವರು ಹಣ ಕೊಡಲಿಲ್ಲವೇ ಎಂದು ಒಂದೊಂದಾಗಿ ಕೇಳಿ, ಬಿಡಿಸಬಹುದಾದದ್ದನ್ನು ಆ ವಾರವೇ ಬಿಡಿಸಿ.

ಮೂರನೆಯ ತಿಂಗಳಿನಲ್ಲಿ ಎಲ್ಲರನ್ನೂ ಒಂದು ದಿನ ಮತ್ತೆ ಸೇರಿಸಿ, ಮರೆತದ್ದನ್ನು ಕಲಿಸಲು ಅದೇ ತರಬೇತುದಾರರನ್ನು ಕರೆಸಿ. ಈ ಒಂದು ದಿನದ ಸಂಭಾವನೆಯನ್ನು ಮೂಲ ಒಪ್ಪಂದದಲ್ಲಿಯೇ ಸೇರಿಸಿರಬೇಕು. ಚೆನ್ನಾಗಿ ಮಾಡುತ್ತಿರುವವರಲ್ಲಿ ಇಬ್ಬರನ್ನು ಗುರುತಿಸಿ, ಮುಂದಿನ ತಂಡಕ್ಕೆ ಗೌರವಧನ ಕೊಟ್ಟು ಸಹಾಯಕ ತರಬೇತುದಾರರನ್ನಾಗಿ ಮಾಡಿ. ದಾನಿಗಳಿಗೆ ಕಳಿಸುವ ವರದಿಯಲ್ಲಿ ತರಬೇತಿ ಪಡೆದವರ ಸಂಖ್ಯೆಯ ಪಕ್ಕದಲ್ಲಿಯೇ ಹನ್ನೆರಡನೆಯ ತಿಂಗಳಿನಲ್ಲಿ ದುಡಿಯುತ್ತಿರುವವರ ಸಂಖ್ಯೆಯನ್ನೂ, ಬಿಟ್ಟವರು ಏಕೆ ಬಿಟ್ಟರೆಂಬ ಕಾರಣಗಳನ್ನೂ ಬರೆಯಿರಿ. ಆ ಎರಡನೆಯ ಸಂಖ್ಯೆ ಸಿದ್ಧವಾಗುವವರೆಗೆ ಅದೇ ವಿಷಯದಲ್ಲಿ ಎರಡನೆಯ ತಂಡದ ಶಿಬಿರಕ್ಕೆ ಸಮಿತಿ ಒಪ್ಪಿಗೆ ಕೊಡಬಾರದೆಂದು ಮೊದಲ ಸಭೆಯಲ್ಲಿಯೇ ಠರಾವು ಮಾಡಿಡಿ.